ಮೂರು ಚಿತ್ರ, ಎರಡು ಗಂಟೆ ಮತ್ತು ಬಾಲ್ಟಿಮೋರ್‌ನ ಕಾವಲುಗಾರರು

2020ರ ಅಕ್ಟೋಬರ್ 28, ಬುಧವಾರ. ಸದಬೀಸ್ ಹರಾಜು ಸಂಸ್ಥೆಯಲ್ಲಿ ಸಂಜೆಯ ಹರಾಜಿಗೆ ಎಲ್ಲ ಸಿದ್ಧವಾಗಿತ್ತು. ಯಾವ ಕೃತಿ, ಎಷ್ಟು ಬೆಲೆ ಬರಬಹುದು ಅನ್ನುವುದೆಲ್ಲ ಊರಿಗೇ ಗೊತ್ತಾಗಿತ್ತು. ಹರಾಜಿಗೆ ಇನ್ನು ಎರಡು ಗಂಟೆ ಇದೆ ಅನ್ನುವಾಗ ಬಾಲ್ಟಿಮೋರ್ ಮ್ಯೂಸಿಯಂ ಆಫ್ ಆರ್ಟ್‌ನಿಂದ ಸುದ್ದಿ ಬಂತು. ನಾವು ಮಾರುತ್ತಿಲ್ಲ.

ಮಾರಬೇಕಿದ್ದದ್ದು ಮೂರು ಚಿತ್ರ. ಬ್ರೈಸ್ ಮಾರ್ಡನ್ ಅವರ ‘3’, ಕ್ಲಿಫರ್ಡ್ ಸ್ಟಿಲ್ ಅವರ ‘1957-ಜಿ’, ಆ್ಯಂಡಿ ವಾರ್ಹಾಲ್ ಅವರ ‘ದ ಲಾಸ್ಟ್ ಸಪ್ಪರ್’. ಮೊದಲೆರಡು ಆ ಸಂಜೆ ಹರಾಜಿಗಿದ್ದವು. ವಾರ್ಹಾಲ್‌ನದು ಗೋಡೆ ತುಂಬುವಷ್ಟು ದೊಡ್ಡ ಕೃತಿ, ಅದನ್ನು ಸದಬೀಸ್ ಮೂಲಕವೇ ಖಾಸಗಿಯಾಗಿ ಮಾರುವ ಏರ್ಪಾಡಾಗಿತ್ತು. ಮೂರರಿಂದ ಒಟ್ಟು 6.5 ಕೋಟಿ ಡಾಲರ್ ಬರುತ್ತದೆ ಅನ್ನುವ ಲೆಕ್ಕ.

ಶ್ರೀಮಂತರ ಊರಿನ ಒಂದು ಮ್ಯೂಸಿಯಂ ಚಿತ್ರ ಮಾರಲು ಹೊರಟು ಹಿಂದೆ ಸರಿದಿದ್ದರೆ ಅದೊಂದು ದೊಡ್ಡ ಸುದ್ದಿಯೇನಲ್ಲ. ಆದರೆ ಈ ದುಡ್ಡು ಯಾತಕ್ಕೆ ಬೇಕಾಗಿತ್ತು ಅನ್ನುವುದನ್ನು ನೋಡಿದರೆ ಕತೆ ಬೇರೆಯೇ. ಕಪ್ಪು ಕಲಾವಿದರ, ಮಹಿಳೆಯರ ಕೃತಿಗಳನ್ನು ಕೊಳ್ಳಲು ಬೇಕಾಗಿತ್ತು. ಗಂಟೆಗೆ 13.50 ಡಾಲರ್ ದುಡಿಯುತ್ತಿದ್ದ ಕಾವಲುಗಾರರ ಕೂಲಿಯನ್ನು 20 ಡಾಲರ್‌ಗೆ ಏರಿಸಲು ಬೇಕಾಗಿತ್ತು. ವಿಶೇಷ ಪ್ರದರ್ಶನಗಳ ಟಿಕೆಟ್ ತೆಗೆದುಹಾಕಲು, ಹಗಲು ಕೆಲಸಕ್ಕೆ ಹೋಗುವವರೂ ಬರಲಿ ಅಂತ ಸಂಜೆ ಹೊತ್ತು ಬಾಗಿಲು ತೆರೆದಿಡಲು ಬೇಕಾಗಿತ್ತು. ಇದರಲ್ಲಿ ಬೇಡ ಅನ್ನುವಂಥದ್ದು ಯಾವುದಿದೆ ಹೇಳಿ? ಹಾಗಿದ್ದೂ ಅಕ್ಟೋಬರ್ 2ರಂದು ಹೊರಬಿದ್ದ ಯೋಜನೆ ನಾಲ್ಕು ವಾರ ತುಂಬುವ ಮೊದಲೇ ಬಿದ್ದುಹೋಯಿತು. ಬೀಳಿಸಿದವರಲ್ಲಿ ಬಹಳ ಮಂದಿ ತಮ್ಮನ್ನು ಸಮಾನತೆಯ ಪರ ಅಂತಲೇ ಕರೆದುಕೊಳ್ಳುವವರು.

ಹೇಗಾಯಿತು ಇದು? ನನಗೆ ಈ ಪ್ರಕರಣ ಮತ್ತೆ ಮತ್ತೆ ನೆನಪಾಗುವುದು ಅದರ ನೈತಿಕತೆಗಾಗಿ ಅಲ್ಲ, ಲೆಕ್ಕಕ್ಕಾಗಿ. ಸಮಾನತೆಗೆ ಖರ್ಚಿದೆ. ಆ ಖರ್ಚನ್ನು ಯಾರ ಜೇಬಿನಿಂದ ತೆಗೆಯಬೇಕು ಅನ್ನುವಲ್ಲೇ ಎಲ್ಲ ಕೂತಿತ್ತು.

ಊರು

ಬಾಲ್ಟಿಮೋರ್ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹಳೆಯ ಬಂದರು ನಗರ. ಜನಸಂಖ್ಯೆಯಲ್ಲಿ ಅರ್ಧಕ್ಕೂ ಜಾಸ್ತಿ ಕಪ್ಪು ಜನ. 1910ರಲ್ಲಿ, ಅಮೆರಿಕದಲ್ಲೇ ಮೊದಲ ಸಲ, ಯಾವ ಬೀದಿಯಲ್ಲಿ ಬಿಳಿಯರು, ಯಾವ ಬೀದಿಯಲ್ಲಿ ಕಪ್ಪು ಜನ ಮನೆ ಮಾಡಬೇಕು ಅಂತ ನಗರಾಡಳಿತವೇ ಕಾನೂನು ಬರೆದದ್ದು ಇಲ್ಲಿ. ಅಂಥ ಕಾನೂನುಗಳು 1917ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದವು. ಕಾನೂನು ಹೋಯಿತು, ಬೀದಿಗಳು ಮಾತ್ರ ಹಾಗೇ ಉಳಿದವು. 2015ರ ಏಪ್ರಿಲ್‌ನಲ್ಲಿ ಫ್ರೆಡ್ಡಿ ಗ್ರೇ ಎಂಬ 25 ವರ್ಷದ ಕಪ್ಪು ಯುವಕ ಪೊಲೀಸರ ವಶದಲ್ಲಿ ಗಾಯಗೊಂಡು ತೀರಿಕೊಂಡಾಗ ಊರು ಹೊತ್ತಿ ಉರಿಯಿತು.

ಮ್ಯೂಸಿಯಂ ಹುಟ್ಟಿದ್ದು 1914ರಲ್ಲಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಕ್ಕದಲ್ಲೇ ಕಂಬಗಳ ದೊಡ್ಡ ಕಟ್ಟಡ. ಅದರ ಹೆಮ್ಮೆ ಅಂದರೆ ಕೋನ್ ಅಕ್ಕತಂಗಿಯರ ಸಂಗ್ರಹ. ಕ್ಲಾರಿಬೆಲ್ ಮತ್ತು ಎಟ್ಟಾ ಕೋನ್, ಜವಳಿ ವ್ಯಾಪಾರದ ಯಹೂದಿ ಮನೆತನದ ಹೆಣ್ಣುಮಕ್ಕಳು. ಪ್ಯಾರಿಸ್‌ಗೆ ಹೋಗಿ ಮತೀಸ್, ಪಿಕಾಸೋ ಅವರಿಂದ ನೇರವಾಗಿ ಚಿತ್ರ ಕೊಂಡು ತಂದು ಮನೆಯ ಗೋಡೆ ತುಂಬಿಸಿದವರು. 1929ರಲ್ಲಿ ತೀರಿಕೊಂಡ ಕ್ಲಾರಿಬೆಲ್ ತನ್ನ ಪಾಲನ್ನು ತಂಗಿಗೆ ಬಿಟ್ಟು ಉಯಿಲಿನಲ್ಲಿ ಒಂದು ಮಾತು ಸೇರಿಸಿದ್ದರು. ಈ ಊರಿಗೆ ಆಧುನಿಕ ಕಲೆಯ ರುಚಿ ಹತ್ತಿದರೆ ಮಾತ್ರ ಇದು ಬಾಲ್ಟಿಮೋರ್ ಮ್ಯೂಸಿಯಂಗೆ ಹೋಗಲಿ ಅಂತ. ನನಗೆ ಈ ಉಯಿಲು ಬಹಳ ಇಷ್ಟ. ದಾನ ಕೊಡುವವರು ಯಾವತ್ತೂ ಸುಮ್ನೆ ಕೊಡುವುದಿಲ್ಲ, ಜೊತೆಗೆ ಒಂದು ಕಣ್ಣನ್ನೂ ಇಟ್ಟುಹೋಗುತ್ತಾರೆ.

ಕಪ್ಪು ಕಲಾವಿದರ ವಿಷಯದಲ್ಲಿ ಈ ಮ್ಯೂಸಿಯಂನದು ಪೂರ್ತಿ ಖಾಲಿ ಚರಿತ್ರೆಯೇನಲ್ಲ. 1939ರಲ್ಲೇ ಕಪ್ಪು ಕಲಾವಿದರದೇ ಒಂದು ಪ್ರದರ್ಶನ ಮಾಡಿತ್ತು. ಆಗ 21 ವರ್ಷದ ಹುಡುಗನಾಗಿದ್ದ ಜೇಕಬ್ ಲಾರೆನ್ಸ್ ಚಿತ್ರಗಳಿಗೆ ಒಂದು ಇಡೀ ಕೋಣೆ ಬಿಟ್ಟುಕೊಟ್ಟಿತ್ತು. ಅಂಥ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆದರೆ ತೋರಿಸುವುದು ಬೇರೆ, ಕೊಂಡು ಇಟ್ಟುಕೊಳ್ಳುವುದು ಬೇರೆ. ಪ್ರದರ್ಶನ ಮುಗಿದ ಮೇಲೆ ಚಿತ್ರ ವಾಪಸ್ ಹೋಗುತ್ತದೆ, ಕೊಂಡದ್ದು ಉಳಿಯುತ್ತದೆ. ಎಂಟು ದಶಕ ಕಳೆದ ಮೇಲೆ ಎಣಿಸಿದರೆ ಸಂಗ್ರಹದ 95,000 ವಸ್ತುಗಳಲ್ಲಿ ಮಹಿಳೆಯರು ಮಾಡಿದ್ದು ನೂರಕ್ಕೆ ನಾಲ್ಕು.

ಡೈರೆಕ್ಟರ್

2016ರಲ್ಲಿ ಕ್ರಿಸ್ಟೋಫರ್ ಬೆಡ್ಫರ್ಡ್ ಈ ಮ್ಯೂಸಿಯಂನ ಡೈರೆಕ್ಟರ್ ಆಗಿ ಬಂದರು. ಬಿಳಿಯ, ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿದವರು. ಅದಕ್ಕೆ ಮುಂಚೆ ಬ್ರಾಂಡೈಸ್ ವಿಶ್ವವಿದ್ಯಾಲಯದ ರೋಸ್ ಆರ್ಟ್ ಮ್ಯೂಸಿಯಂ ನಡೆಸುತ್ತಿದ್ದರು. ಇಲ್ಲಿ ಒಂದು ತಮಾಷೆ ಇದೆ. ಅವರು ಸೇರುವ ಮೊದಲು, 2009ರಲ್ಲಿ, ದುಡ್ಡಿಗೆ ಕಷ್ಟವಾಯಿತೆಂದು ಆ ವಿಶ್ವವಿದ್ಯಾಲಯ ರೋಸ್ ಮ್ಯೂಸಿಯಂ ಮುಚ್ಚಿ ಚಿತ್ರಗಳನ್ನೆಲ್ಲ ಮಾರಲು ಹೊರಟು ದೇಶದಲ್ಲೆಲ್ಲ ಬೈಸಿಕೊಂಡಿತ್ತು. ಚಿತ್ರ ಮಾರುವುದು ಎಂಥ ಬೆಂಕಿ ಅನ್ನುವುದು ಬೆಡ್ಫರ್ಡ್‌ಗೆ ಗೊತ್ತಿಲ್ಲದ ಸಂಗತಿಯಲ್ಲ.

2018ರಲ್ಲಿ ಅವರು ಮೊದಲ ಸಲ ಮಾರಿದರು. ವಾರ್ಹಾಲ್, ರಾಷನ್‌ಬರ್ಗ್, ಫ್ರಾಂಜ್ ಕ್ಲೈನ್, ಕೆನೆತ್ ನೋಲಂಡ್, ಜೂಲ್ಸ್ ಒಲಿಟ್ಸ್ಕಿ, ಹೀಗೆ ಬಿಳಿಯ ಗಂಡಸರ ಏಳು ಕೃತಿಗಳನ್ನು ಸಂಗ್ರಹದಿಂದ ತೆಗೆದರು. ಆ ಮೇ ತಿಂಗಳಲ್ಲಿ ಹರಾಜಾದ ಐದರಿಂದಲೇ ಸುಮಾರು 79 ಲಕ್ಷ ಡಾಲರ್ ಬಂತು. ಈ ದಾರಿಯಲ್ಲಿ ಏಮಿ ಶೆರಾಲ್ಡ್, ಜಾಕ್ ವಿಟ್ಟನ್, ವಾಂಗೆಚಿ ಮುಟು ಮುಂತಾದ ಕಪ್ಪು ಕಲಾವಿದರ ಕೃತಿಗಳು ಸಂಗ್ರಹಕ್ಕೆ ಸೇರಿದವು. ಒಂದಷ್ಟು ಗೊಣಗಾಟ ಕೇಳಿಸಿತು, ಅದಕ್ಕಿಂತ ಜಾಸ್ತಿ ಚಪ್ಪಾಳೆ ಬಿತ್ತು. 2020ರಲ್ಲಿ ಇಡೀ ವರ್ಷ ಮಹಿಳೆಯರ ಕೃತಿಗಳನ್ನು ಮಾತ್ರ ಕೊಳ್ಳುತ್ತೇವೆ ಅಂತಲೂ ಮ್ಯೂಸಿಯಂ ಮೊದಲೇ ಹೇಳಿತ್ತು. ಅಮೆರಿಕದ ಹೆಂಗಸರಿಗೆ ಮತದ ಹಕ್ಕು ಸಿಕ್ಕು ನೂರು ವರ್ಷವಾದ ನೆನಪಿಗೆ.

ಆಮೇಲೆ 2020 ಬಂತು.

ಮಾರ್ಚ್‌ನಲ್ಲಿ ಕೊರೋನಾದಿಂದ ಎಲ್ಲ ಮ್ಯೂಸಿಯಂಗಳ ಬಾಗಿಲು ಬಿತ್ತು. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕೊಲೆಯಾಯಿತು. ಬೀದಿಗಿಳಿದ ಸಿಟ್ಟು ಕಲಾಸಂಸ್ಥೆಗಳ ಒಳಗೂ ಬಂತು. ನೌಕರರು ಬಹಿರಂಗ ಪತ್ರ ಬರೆಯತೊಡಗಿದರು. ಜೂನ್‌ನಲ್ಲಿ ಶಿಕಾಗೋದ ಪೊಯೆಟ್ರಿ ಫೌಂಡೇಶನ್ನಿನ ಅಧ್ಯಕ್ಷರೂ ಮಂಡಳಿಯ ಮುಖ್ಯಸ್ಥರೂ ಇಳಿದುಹೋದರು. ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಮ್ಯೂಸಿಯಂನ ಹಿರಿಯ ಕ್ಯುರೇಟರ್ (ಸಂಗ್ರಹ, ಪ್ರದರ್ಶನ ನೋಡಿಕೊಳ್ಳುವವರು) ಗ್ಯಾರಿ ಗ್ಯಾರಲ್ಸ್, ಬಿಳಿಯ ಗಂಡಸರ ಕೃತಿ ಕೊಳ್ಳುವುದನ್ನು ನಿಲ್ಲಿಸುವುದೂ ಒಂದು ತಾರತಮ್ಯವೇ ಅನ್ನುವ ಅರ್ಥದ ಮಾತಾಡಿ ಕೆಲಸ ಬಿಡಬೇಕಾಯಿತು. ಎಲ್ಲ ಮ್ಯೂಸಿಯಂಗಳೂ ಕಪ್ಪು ಜನರ ಜೊತೆ ನಿಂತಿದ್ದೇವೆ ಅಂತ ಹೇಳಿಕೆ ಹೊರಡಿಸಿದವು. ಹೇಳಿಕೆಗೆ ಖರ್ಚಿಲ್ಲವಲ್ಲ.

ಬೆಡ್ಫರ್ಡ್ ಉಳಿದವರಿಗಿಂತ ಬೇರೆಯಾದದ್ದು ಇಲ್ಲೇ, ಮತ್ತು ಇದನ್ನು ಅವರ ಲೆಕ್ಕಕ್ಕೆ ಬರೆಯಲೇಬೇಕು. ಅವರ ವಾದದ ತಿರುಳು ಇಷ್ಟು. ಹೆಸರಾಂತ ಕಪ್ಪು ಕಲಾವಿದ ಕೆರಿ ಜೇಮ್ಸ್ ಮಾರ್ಷಲ್ ಅವರ ಚಿತ್ರ ತಂದು ಗೋಡೆಗೆ ನೇತುಹಾಕಿದ ಮಾತ್ರಕ್ಕೆ ನಾವು ಸಮಾನತೆಯ ಸಂಸ್ಥೆ ಆಗುವುದಿಲ್ಲ. ನಮ್ಮದೇ ನಾಲ್ಕು ಗೋಡೆಯೊಳಗೆ ಅದನ್ನು ಬಾಳಬೇಕು. ಆ ಚಿತ್ರದ ಪಕ್ಕ ದಿನವಿಡೀ ನಿಲ್ಲುವ ಮನುಷ್ಯನಿಗೆ ಗಂಟೆಗೆ 13.50 ಡಾಲರ್ ಕೊಟ್ಟುಕೊಂಡು ನ್ಯಾಯದ ಮಾತಾಡಲು ಬರುವುದಿಲ್ಲ. ಆ ಬೇಸಿಗೆಯಲ್ಲಿ ಎಷ್ಟೋ ಡೈರೆಕ್ಟರ್‌ಗಳು ಎಷ್ಟೋ ಮಾತಾಡಿದರು. ಕೂಲಿಯ ಅಂಕಿಯನ್ನು ಮೇಜಿನ ಮೇಲಿಟ್ಟು ಮಾತಾಡಿದವರು ಬಹಳ ಇಲ್ಲ.

ಒಡವೆಯ ನಿಯಮ

ಮ್ಯೂಸಿಯಂ ಲೋಕದವರಲ್ಲದವರಿಗೆ ಒಂದು ನಿಯಮ ಹೇಳಬೇಕು. ಅದಿಲ್ಲದೆ ಜಗಳ ಅರ್ಥವಾಗುವುದಿಲ್ಲ.

ಉತ್ತರ ಅಮೆರಿಕದ ದೊಡ್ಡ ಮ್ಯೂಸಿಯಂ ಡೈರೆಕ್ಟರ್‌ಗಳದು ಒಂದು ಸಂಘ ಇದೆ, ಎಎಎಂಡಿ ಅಂತ ಕರೆಯುತ್ತಾರೆ. ಅದರ ಆಗಿನ ನಿಯಮದಲ್ಲಿ ಸಂಗ್ರಹದ ಕೃತಿ ಮಾರಬಹುದಿತ್ತು, ಆದರೆ ಬಂದ ದುಡ್ಡಿನಲ್ಲಿ ಬೇರೆ ಕೃತಿಯನ್ನೇ ಕೊಳ್ಳಬೇಕಿತ್ತು. ನಮ್ಮ ಮನೆಗಳ ಹಾಗೆಯೇ. ಅಜ್ಜಿಯ ಕಾಸಿನ ಸರ ಮುರಿಸಿ ಮೊಮ್ಮಗಳಿಗೆ ಬಳೆ ಮಾಡಿಸಿದರೆ ಯಾರೂ ಕೆಮ್ಮುವುದಿಲ್ಲ. ಅದೇ ಸರ ಮಾರಿ ಕರೆಂಟ್ ಬಿಲ್ ಕಟ್ಟಿದಿರೋ, ನೆಂಟರ ಬಾಯಿಗೆ ಬಿದ್ದಿರಿ. ನಿಯಮ ಮುರಿದ ಮ್ಯೂಸಿಯಂಗೆ ಸಂಘ ಒಂದು ಥರ ಬಹಿಷ್ಕಾರ ಹಾಕುತ್ತದೆ. ಉಳಿದವರು ಅದಕ್ಕೆ ಚಿತ್ರ ಎರವಲು ಕೊಡುವುದಿಲ್ಲ, ಅದರ ಜೊತೆ ಸೇರಿ ಪ್ರದರ್ಶನ ಮಾಡುವುದಿಲ್ಲ. ಮ್ಯೂಸಿಯಂಗಳು ಬದುಕುವುದೇ ಎರವಲಿನ ಮೇಲೆ, ಹಾಗಾಗಿ ಈ ಶಿಕ್ಷೆ ಸಣ್ಣದಲ್ಲ.

ಕೊರೋನಾ ಬಂದಾಗ ಸಂಘ ಸ್ವಲ್ಪ ಸಡಿಲ ಬಿಟ್ಟಿತು. 2020ರ ಏಪ್ರಿಲ್‌ನಲ್ಲಿ ಒಂದು ನಿರ್ಣಯ ಮಾಡಿ, 2022ರ ಏಪ್ರಿಲ್ 10ರವರೆಗೆ ಮಾರಿದ ದುಡ್ಡನ್ನು ಸಂಗ್ರಹದ ‘ನೇರ ಆರೈಕೆ’ಗೂ ಬಳಸಿದರೆ ಶಿಕ್ಷೆ ಇಲ್ಲ ಅಂದಿತು. ನೇರ ಆರೈಕೆ ಅಂದರೆ ಏನು ಅನ್ನುವುದನ್ನು ಆಯಾ ಮ್ಯೂಸಿಯಂ ತಾನೇ ಬರೆದುಕೊಳ್ಳಬೇಕು. ಬ್ರೂಕ್ಲಿನ್ ಮ್ಯೂಸಿಯಂ ಅಕ್ಟೋಬರ್‌ನಲ್ಲೇ ಇದನ್ನು ಬಳಸಿ ಹಳೆಯ ಜರ್ಮನ್ ಕಲಾವಿದ ಕ್ರಾನಾಕ್‌ನ ‘ಲುಕ್ರೇಷಿಯಾ’ ಚಿತ್ರ ಸೇರಿ ಹನ್ನೆರಡು ಕೃತಿಗಳನ್ನು ಮಾರಾಟಕ್ಕಿಟ್ಟಿತು. ದುಡ್ಡಿನ ವಿಷಯದಲ್ಲಿ ಅದರ ಕೈ ನಿಜಕ್ಕೂ ಕಟ್ಟಿಹೋಗಿತ್ತು. ಸಿರಾಕ್ಯೂಸ್‌ನ ಎವರ್ಸನ್ ಮ್ಯೂಸಿಯಂ ಅದೇ ತಿಂಗಳು ಜಾಕ್ಸನ್ ಪೊಲಾಕ್ ಚಿತ್ರವೊಂದನ್ನು ಸುಮಾರು 1.3 ಕೋಟಿ ಡಾಲರ್‌ಗೆ ಮಾರಿತು. ಸಂಗ್ರಹದಲ್ಲಿ ಬೇರೆ ಬಣ್ಣದವರಿಗೂ ಹೆಂಗಸರಿಗೂ ಜಾಗ ಮಾಡಬೇಕು ಅನ್ನುವುದೇ ಕಾರಣ.

ಬಾಲ್ಟಿಮೋರ್‌ನ ಲೆಕ್ಕ ಇವೆರಡಕ್ಕಿಂತ ಜಾಣತನದ್ದು. 6.5 ಕೋಟಿಯಲ್ಲಿ 1 ಕೋಟಿ ಹೊಸ ಕೃತಿಗಳಿಗೆ. ಉಳಿದ 5.5 ಕೋಟಿ ಇಡುಗಂಟು. ಅದರಿಂದ ವರ್ಷಕ್ಕೆ ಸುಮಾರು 25 ಲಕ್ಷ ಡಾಲರ್ ಬರುತ್ತದೆ. ಅದು ಹೋಗುವುದು ಸಂಗ್ರಹದ ಆರೈಕೆಗೆ, ಅಂದರೆ ಆ ಕೆಲಸ ಮಾಡುವವರ ಸಂಬಳವೂ ಸೇರಿದಂತೆ. ಆಗ ಇಷ್ಟು ದಿನ ಆ ಸಂಬಳಕ್ಕೆ ಹೋಗುತ್ತಿದ್ದ ಸಾಮಾನ್ಯ ದುಡ್ಡು ಬಿಡುವಾಗುತ್ತದೆ. ಆ ಬಿಡುವಾದ ದುಡ್ಡಿನಲ್ಲಿ ಕಾವಲುಗಾರರ ಕೂಲಿ ಏರಿಸುವುದು, ಟಿಕೆಟ್ ತೆಗೆಯುವುದು. ಸರ ಮಾರಿ ನೇರವಾಗಿ ಕರೆಂಟ್ ಬಿಲ್ ಕಟ್ಟಲಿಲ್ಲ. ಸರ ಮಾರಿ ಉಳಿದ ಒಡವೆಗಳಿಗೆ ಬೀರು ಮಾಡಿಸಿದರು, ಬೀರುವಿಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಬಿಲ್ ಕಟ್ಟಿದರು. ಕಾಗದದ ಮೇಲೆ ತಪ್ಪಿಲ್ಲ. ಯಾವ ಸಂಘಸಂಸ್ಥೆಯಲ್ಲಿ ಖಜಾಂಚಿಯಾಗಿದ್ದವರೂ ಇದನ್ನು ನೋಡಿ ತಲೆದೂಗುತ್ತಾರೆ.

ಒಂದು ಎಡವಟ್ಟಿತ್ತು. ಮ್ಯೂಸಿಯಂ ಕಷ್ಟದಲ್ಲಿರಲಿಲ್ಲ. ನಮಗೆ ಕೊರತೆ ಇಲ್ಲ ಅಂತ ಅವರೇ ಹೇಳುತ್ತಿದ್ದರು. ಬರಗಾಲಕ್ಕೆಂದು ತೆರೆದ ಗಂಜಿಕೇಂದ್ರಕ್ಕೆ ಊಟ ಮುಗಿಸಿ ಬಂದವರ ಹಾಗೆ ಕಂಡರು.

ಇಪ್ಪತ್ತಾರು ದಿನ

ಅಕ್ಟೋಬರ್ 2ರಿಂದ 28ರವರೆಗಿನ ದಿನಗಳಲ್ಲಿ ಆದದ್ದನ್ನು ಬಿಡಿಸಿ ನೋಡಿದರೆ ಜಗಳ ಒಂದಲ್ಲ, ಮೂರು ನಾಲ್ಕು ಒಟ್ಟಿಗೆ ನಡೆದಿವೆ.

ಒಂದು, ಆರಿಸಿದ ಚಿತ್ರಗಳ ಜಗಳ. ಮಾರ್ಡನ್ ಆಗ ಇನ್ನೂ ಬದುಕಿದ್ದರು. ಬದುಕಿರುವ ಕಲಾವಿದನ ಕೃತಿ ಮಾರಿದರೆ ಅವರ ಮಾರುಕಟ್ಟೆಗೂ ಮರ್ಯಾದೆಗೂ ಪೆಟ್ಟು ಅನ್ನುವ ಅಲಿಖಿತ ನಿಯಮ ಆ ಲೋಕದಲ್ಲಿದೆ. ಸ್ಟಿಲ್ ತಮ್ಮ ಕೊನೆಯ ಎರಡು ದಶಕ ಬಾಳಿದ್ದು ಮೇರಿಲ್ಯಾಂಡಿನಲ್ಲಿ, ತೀರಿಕೊಂಡದ್ದು ಬಾಲ್ಟಿಮೋರ್‌ನಲ್ಲಿ. ಚಿತ್ರವನ್ನು ಮ್ಯೂಸಿಯಂಗೆ ಕೊಟ್ಟದ್ದೂ ಅವರೇ. ತಮ್ಮ ಕೃತಿಗಳನ್ನು ಕೈಬಿಡಲು ಮನಸ್ಸೇ ಬಾರದ ಮನುಷ್ಯ, ಕೊಟ್ಟದ್ದೇ ಅಪರೂಪ. ಅಂಥದ್ದನ್ನು ಮಾರುವುದೆಂದರೆ ಹೊಟ್ಟೆಗೆ ಚುಚ್ಚಿದ ಹಾಗೆ. ವಾರ್ಹಾಲ್ ವಿಷಯದಲ್ಲಿ ತಕರಾರು ಬೆಲೆಯದು. ಇದಕ್ಕೆ ಖಾಸಗಿ ಮಾರಾಟದಲ್ಲಿ ನಿಗದಿಯಾದದ್ದು ಸುಮಾರು 4 ಕೋಟಿ ಡಾಲರ್. ಅದೇ ‘ಲಾಸ್ಟ್ ಸಪ್ಪರ್’ ಸರಣಿಯ ಇನ್ನೊಂದು ದೊಡ್ಡ ಕೃತಿ 2017ರಲ್ಲಿ ಹರಾಜಿನಲ್ಲಿ 6 ಕೋಟಿ ದಾಟಿತ್ತು. ಬಹಿರಂಗ ಹರಾಜು ಬಿಟ್ಟು ಒಳಬಾಗಿಲಿನಿಂದ ಯಾಕೆ ಅನ್ನುವ ಪ್ರಶ್ನೆಗೆ ಜನರ ಬಾಯಿ ಮುಚ್ಚಿಸುವಂಥ ಉತ್ತರ ಬರಲಿಲ್ಲ.

ಮ್ಯೂಸಿಯಂನ ಕ್ಯುರೇಟರ್‌ಗಳಾದ ಅಸ್ಮಾ ನಯೀಮ್ ಮತ್ತು ಕೇಟಿ ಸೀಗಲ್ ಯೋಜನೆಯ ಪರ ಬರೆದರು. ಮ್ಯೂಸಿಯಂ ಅಂದರೆ ಗೋರಿಯಲ್ಲ, ಸಂಗ್ರಹ ಬದಲಾಗುತ್ತಲೇ ಇರಬೇಕು ಅನ್ನುವ ದನಿ ಅವರದು. ನನಗೆ ಈ ವಾದ ಒಪ್ಪಿಗೆಯೇ. ಸಂಗ್ರಹವನ್ನು ಕಟ್ಟಿದವರಿಗೆ ಯಾರ ಚಿತ್ರ ಕಣ್ಣಿಗೆ ಬಿತ್ತು, ಯಾರದು ಬೀಳಲಿಲ್ಲ ಅನ್ನುವುದೂ ಚರಿತ್ರೆಯೇ ತಾನೇ.

ಎರಡನೆಯದು ಕಾನೂನಿನ ಜಗಳ. ಲಾರೆನ್ಸ್ ಐಸೆನ್‌ಸ್ಟೈನ್ ಎಂಬ ವಕೀಲರು, ಹಿಂದೆ ಇದೇ ಮ್ಯೂಸಿಯಂನ ಟ್ರಸ್ಟಿ ಆಗಿದ್ದವರು, ಇನ್ನೂ ಕೆಲವರ ಸಹಿ ಕೂಡಿಸಿ ಮೇರಿಲ್ಯಾಂಡಿನ ಅಟಾರ್ನಿ ಜನರಲ್‌ಗೆ ಪತ್ರ ಬರೆದರು. ಇದು ಸಾರ್ವಜನಿಕರ ಆಸ್ತಿ, ಮಾರಾಟ ನಿಲ್ಲಿಸಿ ತನಿಖೆ ಮಾಡಿ ಅಂತ. ಸಂಬಳ ಏರಿಕೆಯ ವಿಷಯದಲ್ಲಿ ಸ್ವಹಿತ ಇದೆಯೇ ಅನ್ನುವ ಅನುಮಾನವೂ ಅದರಲ್ಲಿತ್ತು. ಒಳ್ಳೆಯ ಕೆಲಸಕ್ಕೆ ಹೊರಟವರ ಮೇಲೆ ಇಂಥ ಅನುಮಾನ ಬಿದ್ದರೆ ಎಷ್ಟು ಉರಿಯುತ್ತದೆ ಅನ್ನುವುದು ಸಂಸ್ಥೆ ನಡೆಸಿದವರಿಗೆ ಗೊತ್ತು. ಆದರೆ ಸಾರ್ವಜನಿಕ ಟ್ರಸ್ಟ್ ಅಂದಮೇಲೆ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಅದರ ಹೆಸರೇ ಅದು.

ಮೂರನೆಯದು ದುಡ್ಡಿನ ಜಗಳ. ಮ್ಯೂಸಿಯಂನ ಆಡಳಿತ ಮಂಡಳಿಯ ಹಿಂದಿನ ಇಬ್ಬರು ಅಧ್ಯಕ್ಷರು, ಮ್ಯೂಸಿಯಂಗೆ ಕೊಡುತ್ತೇವೆ ಅಂದಿದ್ದ ದಾನವನ್ನು ಕೊಡುವುದಿಲ್ಲ ಎಂದು ಪ್ರಕಟಿಸಿದರು. ಇಬ್ಬರದೂ ಸೇರಿ 5 ಕೋಟಿ ಡಾಲರ್.

ಇದನ್ನು ಇನ್ನೊಂದು ಸಲ ಓದಿ. ಸಮಾನತೆಯ ಯೋಜನೆಗೆ ಬೇಕಾದದ್ದು 6.5 ಕೋಟಿ. ಅದನ್ನು ತಡೆಯಲು ಇಬ್ಬರೇ ಇಬ್ಬರು ಹಿಂದೆ ತೆಗೆದದ್ದು 5 ಕೋಟಿ. ಅಂದರೆ ದುಡ್ಡು ಇತ್ತು! ಆ ಊರಿನಲ್ಲೇ, ಆ ಮ್ಯೂಸಿಯಂನ ಸ್ನೇಹಿತರ ಬಳಿಯೇ ಇತ್ತು. ಕಾವಲುಗಾರರ ಕೂಲಿ ಏರಿಸಲು ಕೊಡಿ ಅಂತ ಅದನ್ನು ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರೇ? ಬಹುಶಃ ಇಲ್ಲ. ದೊಡ್ಡವರಿಗೆ ಹೊಸ ಕಟ್ಟಡದ ಮೇಲೆ ಹೆಸರು ಬರೆಸಲು ಕೊಡುವುದು ಇಷ್ಟ. ಕೂಲಿಯ ಏರಿಕೆಯ ಮೇಲೆ ಹೆಸರು ಬರೆಸಲು ಜಾಗವಿಲ್ಲ. ಆ ಕಾರಣಕ್ಕೇ ಬೆಡ್ಫರ್ಡ್ ಮನುಷ್ಯರನ್ನು ಕೇಳದೆ ಗೋಡೆಯನ್ನು ಕೇಳಿದರು ಅಂತ ನನಗೆ ಅನಿಸುತ್ತದೆ. ಗೋಡೆ ಇಲ್ಲ ಅನ್ನುವುದಿಲ್ಲ.

ಅದೇ ದಿನಗಳಲ್ಲಿ ಮಂಡಳಿಯಿಂದ ಇಬ್ಬರು ಕಪ್ಪು ಕಲಾವಿದರು ಹೊರನಡೆದರು, ಏಮಿ ಶೆರಾಲ್ಡ್ ಮತ್ತು ಆಡಂ ಪೆಂಡಲ್ಟನ್. ಶೆರಾಲ್ಡ್ ಅಂದರೆ ಮಿಶೆಲ್ ಒಬಾಮಾ ಅವರ ಅಧಿಕೃತ ಭಾವಚಿತ್ರ ಬರೆದವರು, ಬಾಲ್ಟಿಮೋರ್‌ನಲ್ಲೇ ಕಲೆ ಕಲಿತವರು. ಕಾರಣ ಏನೇ ಇರಲಿ, ಹೊರಗಿನವರ ಕಣ್ಣಿಗೆ ಅದು ಕಂಡದ್ದು ಒಂದೇ ರೀತಿ. ಯಾರ ಹೆಸರಿನಲ್ಲಿ ಈ ಮಾರಾಟ ನಡೆಯುತ್ತಿದೆಯೋ ಅವರೇ ಮೇಜು ಬಿಟ್ಟು ಎದ್ದರು.

ಕೊನೆಯ ಪೆಟ್ಟು ಸಂಘದ್ದು. ಅಕ್ಟೋಬರ್ 27ರಂದು ಎಎಎಂಡಿ ಅಧ್ಯಕ್ಷ ಬ್ರೆಂಟ್ ಬೆಂಜಮಿನ್ ಸದಸ್ಯರಿಗೆ ಒಂದು ಪತ್ರ ಕಳಿಸಿದರು. ಏಪ್ರಿಲ್‌ನ ಸಡಿಲಿಕೆ ಈಗಿನ ಸಂಕಟ ದಾಟಲಿ ಅಂತ ಕೊಟ್ಟದ್ದು, ದೂರದ ಅಗತ್ಯಗಳಿಗೆ, ದೊಡ್ಡ ಗುರಿಗಳಿಗೆ ದುಡ್ಡು ಹೊಂದಿಸಲು ಅಲ್ಲ ಅನ್ನುವುದು ಅದರ ಸಾರ. ಬಾಲ್ಟಿಮೋರ್ ಅಂತ ಹೆಸರು ಹಿಡಿದು ಹೇಳಬೇಕಾಗಿರಲಿಲ್ಲ. ಯಾರಿಗೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಮಾರನೆಯ ದಿನ ಮಂಡಳಿಯವರು ಸಂಘದವರ ಜೊತೆ ಮಾತಾಡಿ, ಹರಾಜಿಗೆ ಎರಡು ಗಂಟೆ ಮೊದಲು ಕೈ ಚೆಲ್ಲಿದರು.

ನಾನು ಎಲ್ಲಿ ನಿಲ್ಲುತ್ತೇನೆ

ಇಂಥ ಪ್ರಕರಣ ಓದುವಾಗ ಒಂದು ಪಕ್ಷ ಹಿಡಿಯುವ ಚಪಲ ಬರುತ್ತದೆ. ಬೆಡ್ಫರ್ಡ್ ಧೈರ್ಯವಂತ, ಎದುರಾಳಿಗಳು ಹಳೆಯ ಬಿಳಿ ಹಣವಂತರು. ಅಥವಾ ಬೆಡ್ಫರ್ಡ್ ಆತುರಗಾರ, ಎದುರಾಳಿಗಳು ಕಲೆಯ ಕಾವಲುಗಾರರು. ಎರಡೂ ಅರ್ಧ ನಿಜ.

ನನ್ನ ಪ್ರಕಾರ ಬೆಡ್ಫರ್ಡ್ ಅವರ ದೊಡ್ಡ ತಪ್ಪು ಮಾರಲು ಹೊರಟದ್ದಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದು. ‘ಸಂಗ್ರಹದಲ್ಲಿ ಯಾರ ಕೃತಿ ಇರಬೇಕು’ ಅನ್ನುವುದು ಒಂದು ಪ್ರಶ್ನೆ. ಅದಕ್ಕೆ ಚಿತ್ರ ಮಾರಿ ಚಿತ್ರ ಕೊಳ್ಳುವುದು ಒಪ್ಪುವ ದಾರಿ, 2018ರಲ್ಲಿ ಅದು ನಡೆದಿತ್ತು ಕೂಡ. ‘ಇಲ್ಲಿ ದುಡಿಯುವವರಿಗೆ ಎಷ್ಟು ಕೊಡಬೇಕು’ ಅನ್ನುವುದು ಇನ್ನೊಂದು. ಅದರ ಉತ್ತರ ಮಂಡಳಿಯವರ ಜೇಬಿನಲ್ಲಿ, ಪ್ರತಿ ವರ್ಷದ ಬಜೆಟ್ಟಿನಲ್ಲಿ ಇರಬೇಕಾದದ್ದು. ಸಂಬಳ ಪ್ರತಿ ತಿಂಗಳ ಮಾತು, ಚಿತ್ರ ಒಂದು ಸಲ ಮಾರಿದರೆ ಹೋಯಿತು. ಎರಡನ್ನೂ ಒಂದೇ ಗಂಟು ಮಾಡಿದ್ದರಿಂದ ಒಂದಕ್ಕೆ ವಿರೋಧ ಇದ್ದವರು ಇನ್ನೊಂದನ್ನೂ ಬೀಳಿಸಿದರು, ಮತ್ತು ಬೀಳಿಸಿದ್ದಕ್ಕೆ ನಾಚಿಕೆಪಡಬೇಕಾದ ಪ್ರಮೇಯವೇ ಬರಲಿಲ್ಲ. ನಾವು ಕಲೆಯನ್ನು ಉಳಿಸಿದೆವು ಅಂದರೆ ಸಾಕಾಗಿತ್ತು.

ಸಮಯವೂ ಅಷ್ಟೇ. ಊರಿನ ಪಾಲಿಗೆ ಯೋಜನೆ ಹೊರಬಂದದ್ದಕ್ಕೂ ಹರಾಜಿಗೂ ನಡುವೆ ಒಂದು ತಿಂಗಳು ಕೂಡ ಇರಲಿಲ್ಲ. ಬಹುಪಾಲು ಕಪ್ಪು ಜನರ ಊರು ಅದು. ಅವರನ್ನು ಕೂರಿಸಿ ನಿಮಗೇನು ಬೇಕು ಅಂತ ಕೇಳಿ, ಅವರ ಬಾಯಿಂದಲೇ ಈ ಯೋಜನೆ ಬಂದಿದ್ದರೆ ಅಟಾರ್ನಿ ಜನರಲ್‌ಗೆ ಹೋದ ಪತ್ರಕ್ಕೆ ಎದುರಾಗಿ ಹತ್ತು ಪತ್ರ ಹೋಗುತ್ತಿದ್ದವು. ಆಗಿದ್ದೇ ಬೇರೆ. ಕಪ್ಪು ಬಾಲ್ಟಿಮೋರ್‌ನ ಹೆಸರಿನಲ್ಲಿ ಬಿಳಿಯ ಡೈರೆಕ್ಟರ್ ಒಬ್ಬರು ಬಿಳಿಯ ದಾನಿಗಳ ಜೊತೆ ಜಗಳ ಆಡಿದರು. ಊರು ಪೇಪರಿನಲ್ಲಿ ಓದಿತು.

ಎದುರಾಳಿಗಳ ಬಗ್ಗೆಯೂ ಒಂದು ಮಾತು. ಅವರ ತಕರಾರುಗಳಲ್ಲಿ ಹುರುಳಿತ್ತು, ಬೆಲೆಯ ಬಗ್ಗೆ ಅಂತೂ ತುಂಬಾನೇ ಇತ್ತು. ಆದರೆ ಸ್ಟಿಲ್ ಚಿತ್ರ ಹೋದರೆ ಎಷ್ಟು ನಷ್ಟ ಅನ್ನುವುದನ್ನು ಬಣ್ಣಿಸಿದ ಹುರುಪಿನಲ್ಲಿ ಕಾಲು ಭಾಗ ಆ 13.50 ಡಾಲರ್ ಮೇಲೆ ಖರ್ಚಾಗಲಿಲ್ಲ. ಮಾರಬೇಡಿ, ಬದಲಿಗೆ ನಾವು ಇಷ್ಟು ಕೊಡುತ್ತೇವೆ ಅಂತ ಚೆಕ್ ಹಿಡಿದು ಬಂದಿದ್ದರೆ ಅವರ ಮಾತಿಗೆ ಬೇರೆ ತೂಕ ಬರುತ್ತಿತ್ತು, ಅಲ್ವಾ?

ಆಮೇಲೆ

ಮೂರೂ ಚಿತ್ರ ಮ್ಯೂಸಿಯಂನಲ್ಲೇ ಉಳಿದವು. 2022ರಲ್ಲಿ ಬೆಡ್ಫರ್ಡ್ ಬಾಲ್ಟಿಮೋರ್ ಬಿಟ್ಟರು. ಹೋದದ್ದು ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಮ್ಯೂಸಿಯಂಗೆ, ಗ್ಯಾರಲ್ಸ್ ಕೆಲಸ ಬಿಟ್ಟ ಅದೇ ಮ್ಯೂಸಿಯಂಗೆ, ಡೈರೆಕ್ಟರ್ ಆಗಿ. 2019ರಲ್ಲಿ ರಾತ್ಕೋ ಚಿತ್ರವೊಂದನ್ನು 5 ಕೋಟಿ ಡಾಲರ್‌ಗೆ ಮಾರಿ ಕಪ್ಪು ಕಲಾವಿದರ, ಮಹಿಳೆಯರ ಕೃತಿ ಕೊಂಡ ಮ್ಯೂಸಿಯಂ ಅದು. ಮಾರಿದ ದುಡ್ಡಿಗೆ ಕೃತಿಯನ್ನೇ ಕೊಂಡದ್ದರಿಂದ ಅದಕ್ಕೆ ಇಂಥ ಗತಿ ಬರಲಿಲ್ಲ. ಎಎಎಂಡಿ ಕೂಡ 2022ರಲ್ಲಿ ಮತಕ್ಕೆ ಹಾಕಿ, ಮಾರಿದ ದುಡ್ಡನ್ನು ಕೃತಿಗಳ ನೇರ ಆರೈಕೆಗೆ ಬಳಸಲು ಕಾಯಂ ಒಪ್ಪಿಗೆ ಕೊಟ್ಟಿತು. ಆದರೆ ಸಂಬಳಕ್ಕೆ ಬಳಸುವಂತಿಲ್ಲ. ಬಾಲ್ಟಿಮೋರ್‌ನ ಜಾಣ ಲೆಕ್ಕಕ್ಕೆ ಆ ಬಾಗಿಲು ಹಾಗೇ ಮುಚ್ಚಿತು.

2023ರಲ್ಲಿ ಅಸ್ಮಾ ನಯೀಮ್ ಬಾಲ್ಟಿಮೋರ್ ಮ್ಯೂಸಿಯಂನ ಡೈರೆಕ್ಟರ್ ಆದರು. ಕರಾಚಿಯಲ್ಲಿ ಹುಟ್ಟಿ ಬಾಲ್ಟಿಮೋರ್‌ನಲ್ಲಿ ಬೆಳೆದವರು, ವಕೀಲಿಕೆ ಬಿಟ್ಟು ಕಲಾಚರಿತ್ರೆಗೆ ಬಂದವರು. ಬಿಳಿಯರಲ್ಲದವರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಶೆರಾಲ್ಡ್ ಕೂಡ ವಾಪಸ್ ಬಂದರು, ಮಂಡಳಿಗೆ ಅಲ್ಲ, ಗೋಡೆಗೆ. 2025ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಜೊತೆ ತಮ್ಮ ಒಂದು ಚಿತ್ರದ ಬಗ್ಗೆ ತಕರಾರಾಗಿ ಅಲ್ಲಿನ ದೊಡ್ಡ ಪ್ರದರ್ಶನವನ್ನೇ ಹಿಂದೆಗೆದುಕೊಂಡರು. ಆ ಪ್ರದರ್ಶನ ನವೆಂಬರ್‌ನಲ್ಲಿ ಬಾಲ್ಟಿಮೋರ್‌ಗೆ ಬಂತು.

ನಾನು ಹೇಳದೆ ಬಿಟ್ಟದ್ದು ಒಂದಿದೆ. 2022ರ ಮಾರ್ಚ್‌ನಲ್ಲಿ ಈ ಮ್ಯೂಸಿಯಂ ‘ಗಾರ್ಡಿಂಗ್ ದ ಆರ್ಟ್’ ಅಂತ ಒಂದು ಪ್ರದರ್ಶನ ಮಾಡಿತು. ಅದರ ಕ್ಯುರೇಟರ್‌ಗಳು ಹದಿನೇಳು ಮಂದಿ ಕಾವಲುಗಾರರು. ಕಲಾ ಇತಿಹಾಸಕಾರ್ತಿ ಲೌರಿ ಸ್ಟೋಕ್ಸ್ ಸಿಮ್ಸ್ ಅವರಿಗೆ ಜೊತೆ ನಿಂತರು. ಸಂಗ್ರಹದಿಂದ ಏನು ಬೇಕಾದರೂ ಆರಿಸಿ ಅಂದಾಗ ಯಾರೂ ಮತೀಸ್‌ನ ಹಿಂದೆ ಓಡಲಿಲ್ಲ. ಒಬ್ಬರು ಮಿಕಲೀನ್ ಥಾಮಸ್ ಅವರ ‘ರೆಸಿಸ್ಟ್ #2’ ಆರಿಸಿದರು, ಹಳೆಯ ಹಕ್ಕಿನ ಹೋರಾಟದ ಫೋಟೋಗಳಿಂದ ಕಟ್ಟಿದ ಕೃತಿ. ಇನ್ನೊಬ್ಬರು ಜೆರೆಮಿ ಆಲ್ಡನ್ ಎಂಬ ವಿನ್ಯಾಸಕಾರ ಪೆನ್ಸಿಲ್‌ಗಳಿಂದ ಮಾಡಿದ ಒಂದು ಕುರ್ಚಿ ತಂದಿಟ್ಟರು. ಅದರ ಹೆಸರು ‘50 ಡಜನ್’. ಆರುನೂರು ಪೆನ್ಸಿಲ್. ನೋಡಿದರೆ, ಕೂತರೆ ಮುರಿದೀತು ಅನಿಸುತ್ತದೆ. ದಿನವಿಡೀ ನಿಂತು ಕೆಲಸ ಮಾಡುವವರು ಸಾವಿರಾರು ವಸ್ತುಗಳಲ್ಲಿ ಆರಿಸಿದ್ದು ಅದನ್ನು.

ಆ ಪ್ರದರ್ಶನ ಜುಲೈವರೆಗೆ ನಡೆಯಿತು. ಪತ್ರಿಕೆಗಳು ಹೊಗಳಿದವು. ಅದೇ ಜುಲೈನಲ್ಲಿ ಮ್ಯೂಸಿಯಂನ ನೌಕರರು ಮತ ಹಾಕಿ, ದೊಡ್ಡ ಬಹುಮತದಲ್ಲಿ, ತಮ್ಮದೇ ಯೂನಿಯನ್ ಕಟ್ಟಿಕೊಂಡರು.